ಇನ್ನೂರ ಹದಿನಾರು ಉಪಕರಣಗಳ ಕೆಂಪು ಪೆಟ್ಟಿಗೆ ಮಾಡಿದವರಿಗೆ

ಒಂದೇ ಪೆಟ್ಟಿಗೆಯಲ್ಲಿ ಇನ್ನೂರ ಹದಿನಾರು ಉಪಕರಣಗಳನ್ನು ಮಲಗಿಸಿ ಮಾರುವ ಕಂಪನಿಯ ಘನತೆವೆತ್ತ ಆಡಳಿತ ನಿರ್ದೇಶಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಹೊಳೆಹೊಳೆಯುವ ಕ್ರೋಮ್ ಲೇಪನವೂ ಕ್ಷೇಮವೆಂದು ಭಾವಿಸಿ, ಗ್ರೀಸು ಮೆತ್ತಿದ ಕೈಯನ್ನು ಎರಡು ಸಲ ಸೋಪು ಹಚ್ಚಿ ತೊಳೆದುಕೊಂಡು ಈ ಪತ್ರ ಬರೆಯಲು ಕುಳಿತಿದ್ದೇನೆ. ನಾನು ಶಾಲೆಗೆ ಹೋಗಿ ಮೆಕ್ಯಾನಿಕ್ ಆದವಳಲ್ಲ, ಕೆಟ್ಟು ನಿಂತ ಗಾಡಿಗಳ ಕೆಳಗೆ ಮಲಗಿ ಕಲಿತವಳು; ಬರವಣಿಗೆಯಲ್ಲಿ ತಪ್ಪಿದ್ದರೆ ಮನ್ನಿಸಬೇಕು, ವಿಷಯದಲ್ಲಿ ತಪ್ಪಿಲ್ಲ.

ನನ್ನ ತಮ್ಮನ ಮಗಳು ವಾಹನ ದುರಸ್ತಿಯ ತರಬೇತಿಗೆ ಸೇರಿದಾಗ, ಸ್ವಂತ ಉಪಕರಣ ತರತಕ್ಕದ್ದು ಎಂದು ಚೀಟಿ ಬಂತು. ನನ್ನ ತಮ್ಮ ದರ್ಜಿ. ಕತ್ತರಿ ಕೊಳ್ಳಬೇಕಾದರೆ ಅಂಗಡಿಯಲ್ಲಿರುವ ಹತ್ತನ್ನೂ ಕಿವಿಯ ಹತ್ತಿರ ಆಡಿಸಿ ಶಬ್ದ ಕೇಳಿ, ಒಳಗೆ ಇನ್ನೊಂದು ಇದೆಯಾ ಎನ್ನುವ ಮನುಷ್ಯ. ಅಂಥವನು ತಮ್ಮ ಮುಚ್ಚಳದ ಮೇಲಿನ ಸಂಖ್ಯೆಯನ್ನೂ 'ಜೀವಮಾನದ ಗ್ಯಾರಂಟಿ' ಎಂಬ ಚಿನ್ನದ ಬಣ್ಣದ ಅಕ್ಷರಗಳನ್ನೂ ಕಂಡು ಬೆಣ್ಣೆಯಂತೆ ಕರಗಿಹೋದ. "ಅಕ್ಕಾ, ಇನ್ನೂರ ಹದಿನಾರು ಕಣೇ! ನಿನ್ ಹತ್ರ ನಲವತ್ತೂ ಇಲ್ವಲ್ಲ!" ಎಂದು ನನ್ನನ್ನೇ ಹಂಗಿಸಿದ. ಹುಡುಗಿಯ ಮುಖ ಅರಳಿದ್ದನ್ನು ಕಂಡು, ಪೆಟ್ಟಿಗೆ ತೆರೆದು ನೋಡದೆ, ನಾನೂ ಸುಮ್ಮನಾದೆ. ಅದಕ್ಕಾಗಿ ನನ್ನನ್ನು ನಾನು ಬೈದುಕೊಂಡಾಗಿದೆ. ಈಗ ತಮ್ಮ ಸರದಿ.

ಕಳೆದ ವಾರ ಪ್ರಾಯೋಗಿಕ ಪರೀಕ್ಷೆ. ಮುಂದಿನ ಚಕ್ರದ ಬ್ರೇಕಿನ ಬೋಲ್ಟು ಬಿಚ್ಚಬೇಕಿತ್ತು. ಹುಡುಗಿ ತಮ್ಮ ಹದಿನಾಲ್ಕು ಮಿಲಿಮೀಟರಿನ ರಿಂಗ್ ಸ್ಪ್ಯಾನರನ್ನು ನೇರವಾಗಿ ಕೂರಿಸಿ, ನಾನು ಹೇಳಿಕೊಟ್ಟಂತೆಯೇ ಎಳೆದಳು. ಬೋಲ್ಟು ಕದಲಲಿಲ್ಲ. ಸ್ಪ್ಯಾನರ್ ಜಾರಿ, ಬೋಲ್ಟಿನ ಆರು ಮೂಲೆಗಳೂ ಸವೆದು ತಲೆ ಗುಂಡಗಾಯಿತು, ಅವಳ ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂತು. ಪರೀಕ್ಷಕರು ಹಾಳೆಯ ಮೇಲೆ 'ಒರಟು ಕೈ, ಈ ಕೆಲಸಕ್ಕೆ ತಕ್ಕುದಲ್ಲ' ಎಂದು ಬರೆದರು. ಮರುಪರೀಕ್ಷೆ ಒಂದೇ ಸಲ, ನಾಡಿದ್ದು. ಆ ಮಾತು ಹಾಳೆಯಲ್ಲಿ ಉಳಿದರೆ ಯಾವ ಗ್ಯಾರೇಜಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಗೆ ಬಂದವಳು ಎರಡೂ ಕೈಯನ್ನು ನನ್ನ ಮುಂದೆ ಚಾಚಿ, "ಅತ್ತೆ, ನನ್ ಕೈನೇ ಸರಿ ಇಲ್ವಾ?" ಎಂದು ಕೇಳಿದಳು. ಹತ್ತೊಂಬತ್ತು ವರ್ಷದ ಕೈ ಸ್ವಾಮಿ ಅದು.

ಆಗ ತಮ್ಮ ಪೆಟ್ಟಿಗೆ ತೆರೆದು ನೋಡಿದೆ. ಹೊಗಳದೆ ಇರಲಾರೆ. ನೂರಕ್ಕೂ ಮೇಲ್ಪಟ್ಟು ಸ್ಕ್ರೂಡ್ರೈವರಿನ ತುದಿಗಳು, ನಾನು ನಲವತ್ತು ವರ್ಷದಲ್ಲಿ ಕಾಣದ ಆಕಾರದವು; ಇನ್ನೂ ಹುಟ್ಟಬೇಕಾದ ಸ್ಕ್ರೂಗಳಿಗಾಗಿ ಈಗಲೇ ಮಾಡಿಟ್ಟ ತಮ್ಮ ದೂರದೃಷ್ಟಿಗೆ ನಮಸ್ಕಾರ. ಪ್ಲಾಸ್ಟಿಕ್ ಕ್ಲಿಪ್ಪುಗಳೂ ಉಪಕರಣಗಳೆಂದೇ ಎಣಿಕೆಗೆ ಸೇರಿವೆ. ದಿನಾ ಬೇಕಾಗುವ ರಿಂಗ್ ಸ್ಪ್ಯಾನರ್ ಮಾತ್ರ ಐದು. ಇಕ್ಕಳ ಬಾಯಿ ಮುಚ್ಚಿದರೂ ನಡುವೆ ಬೆಳಕು ಕಾಣಿಸುತ್ತದೆ. ಆ ಹದಿನಾಲ್ಕರದ್ದರ ಜೋಡಿಯನ್ನು ಹೊಚ್ಚಹೊಸ ಬೋಲ್ಟಿಗೆ ಹಾಕಿ ಅಲ್ಲಾಡಿಸಿದರೆ, ಅಪ್ಪನ ಚಪ್ಪಲಿಯಲ್ಲಿ ಮಗು ನಡೆದಂತೆ ಆಡುತ್ತದೆ.

ಜೋಡಿ ಎಲ್ಲಿಂದ ಬಂತೆಂದರೆ, ತಮ್ಮ ಕೃಪೆಯಿಂದಲೇ. ಕಚೇರಿಗೆ ಫೋನು ಮಾಡಿದಾಗ ಸಕ್ಕರೆ ದನಿಯವರೊಬ್ಬರು, "ಮೇಡಂ, ಗ್ಯಾರಂಟಿ ಸ್ಪ್ಯಾನರಿಗೆ ಮಾತ್ರ, ಬೋಲ್ಟು ನಿಮ್ದು" ಎಂದರು. ಮಾರನೆಯ ದಿನವೇ ಇನ್ನೊಂದು ಬಂತು, ಅಷ್ಟೇ ಸಡಿಲ. ಜೀವಮಾನವೆಲ್ಲ ಇದನ್ನೇ ಕಳಿಸುತ್ತಿರುತ್ತೀರಿ ಎಂಬುದೇ ಗ್ಯಾರಂಟಿಯ ಅರ್ಥವೆಂದು ನನ್ನಂಥ ದಡ್ಡಿಗೆ ಆಗ ತಿಳಿಯಿತು.

ನಿನ್ನೆ ಮೂವರೂ ಅಂಗಡಿಗೆ ಹೋದೆವು. ಮುಷ್ಟಿಯಲ್ಲಿ ಅಳತೆಗೊಂದರಂತೆ ಹೊಸ ಬೋಲ್ಟು ಹಿಡಿದು, ಒಂದೊಂದೇ ಸ್ಪ್ಯಾನರ್ ಹಾಕಿ, ಅಲ್ಲಾಡಿಸಿ, ಅಲ್ಲಾಡಿದ್ದನ್ನು ಪಕ್ಕಕ್ಕಿಟ್ಟೆವು. ಹೊಳಪು ನೋಡಲಿಲ್ಲ, ಹಿಡಿತ ನೋಡಿದೆವು. "ಏನಮ್ಮಾ, ಸ್ಪ್ಯಾನರ್ ತಗೋತೀರೋ, ಅಳಿಯನ್ನ ಆರಿಸ್ತೀರೋ?" ಎಂದ ಅಂಗಡಿಯವನಿಗೆ, "ಅಳಿಯ ಜಾರಿದ್ರೂ ಪರವಾಗಿಲ್ಲ, ಇದು ಜಾರಬಾರ್ದು" ಎಂದು ಹುಡುಗಿಯೇ ಉತ್ತರ ಕೊಟ್ಟಳು. ಒಂಬತ್ತೇ ಒಂಬತ್ತು ಆರಿಸಿ ತಂದೆವು.

ಇಷ್ಟಾದ ಮೇಲೆ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಅಲ್ಪ. ಸವೆದ ಆ ಆರು ಮೂಲೆಗಳನ್ನು ತಾವು ಖುದ್ದಾಗಿ ಬಂದು ಬೋಲ್ಟಿಗೆ ಮತ್ತೆ ಅಂಟಿಸಿಕೊಡಬೇಕು. ಕೋಟು ಟೈ ಸಮೇತ ಒಂದು ಹಳೆಯ ಗಾಡಿಯ ಕೆಳಗೆ ಮಲಗಿ, ತುಕ್ಕು ಹಿಡಿದ ಒಂದೇ ಒಂದು ಬೋಲ್ಟನ್ನು ತಮ್ಮದೇ ಸ್ಪ್ಯಾನರಿನಿಂದ ಬಿಚ್ಚಿ ತೋರಿಸಬೇಕು; ಬ್ಯಾಂಡೇಜು ನಾನೇ ತರುತ್ತೇನೆ. ಇವೆರಡೂ ಆಗದಿದ್ದರೆ, ಹುಡುಗಿಯ ಕೈ ಒರಟಲ್ಲ, ನಮ್ಮ ಸ್ಪ್ಯಾನರೇ ಸಡಿಲ ಎಂದು ಪರೀಕ್ಷಕರಿಗೆ ಒಂದು ಸಾಲು ಬರೆದು ರುಜು ಹಾಕಬೇಕು. ಪೆನ್ನು ಮಾತ್ರ ಬೇರೆ ಕಂಪನಿಯದಿರಲಿ.

ತಮ್ಮ ಸರಕಿಗಿಂತ ಗಟ್ಟಿಯಾದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ಮೆಕ್ಯಾನಿಕ್ ಅತ್ತೆ

ತಾ.ಕ.: ಪತ್ರ ಅಂಚೆಗೆ ಹಾಕುವಷ್ಟರಲ್ಲಿ ಮರುಪರೀಕ್ಷೆ ಮುಗಿಯಿತು. ಬೋಲ್ಟು ಒಂದೇ ಎಳೆತಕ್ಕೆ ಬಂತು. "ಈ ಸಲ ನಾಜೂಕಾಗಿ ಮಾಡ್ದೆ ಕಣಮ್ಮಾ" ಎಂದ ಪರೀಕ್ಷಕರಿಗೆ ಹುಡುಗಿ, "ಕೈ ಅದೇ ಸರ್, ಸ್ಪ್ಯಾನರ್ ಬೇರೆ, ಬೇಕಾದ್ರೆ ನೀವೇ ನೋಡಿ" ಎಂದು ತಮ್ಮ ಹದಿನಾಲ್ಕರದ್ದನ್ನು ಅವರ ಕೈಗಿಟ್ಟಳಂತೆ. ಅವರು ಪಕ್ಕದ ಚಕ್ರದ ಬೋಲ್ಟಿಗೆ ಹಾಕಿ ಎಳೆದರು, ಗೆಣ್ಣು ಚೀಪಿಕೊಂಡರು, ಹಾಳೆ ತರಿಸಿ ತಾವು ಬರೆದದ್ದನ್ನು ತಾವೇ ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಆದ್ದರಿಂದ ತಮ್ಮ ಆ ಒಂದು ಸಾಲು ನಮಗೀಗ ಬೇಡ. ಪರೀಕ್ಷಕರೂ ತಮಗೊಂದು ಪತ್ರ ಬರೆಯುತ್ತಿದ್ದಾರೆ. ಅವರಿಗೆ ನನ್ನಷ್ಟು ಮರ್ಯಾದೆಯಿಂದ ಬರೆಯಲು ಬರುವುದಿಲ್ಲವೆಂದು ಕೇಳಿದ್ದೇನೆ.