ಬೇಕರಿಯವನಿಗೆ ಇಂಗ್ಲಿಷ್ ಪಾಠ

ಅಷ್ಟೂ ರಗಳೆಗೆ ಕಾರಣ ಒಂದು ಬ್ರೆಡ್ಡು. ಅದೂ ಬಾಯಿಗೆ ಸಿಕ್ಕಿದ ಬ್ರೆಡ್ಡಲ್ಲ, ಬೆಳಗಿನ ವೀಡಿಯೊ ಕರೆಯಲ್ಲಿ ಹೆಂಡತಿಯ ಮೇಜಿನ ಮೇಲೆ ಕಂಡ ಬ್ರೆಡ್ಡು.

ಔಷಧಿ ಅಂಗಡಿ ಇಟ್ಟುಕೊಂಡಿದ್ದ ಅವನನ್ನು ಬೀದಿಯವರೆಲ್ಲ ಮಾತ್ರೆರಾಯ ಎಂದೇ ಕರೆಯುತ್ತಿದ್ದರು. ಹೆಂಡತಿ ಇಂಗ್ಲಿಷ್ ಮೇಡಂ. ಒಂದು ವರ್ಷದ ಮಟ್ಟಿಗೆಂದು ಪರದೇಶಕ್ಕೆ ಹೋಗಿ, ಅಲ್ಲಿನ ಸಂಜೆ ಶಾಲೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ವರ್ಷ ಮುಗಿಯುತ್ತ ಬಂದಿತ್ತು. ಅವಳು ಯಾವಾಗ ಬಂದಾಳೋ ಎಂದು ಮಾತ್ರೆರಾಯ ಒಳಗೊಳಗೇ ಬೇಯುತ್ತಿದ್ದ. ಒಮ್ಮೆಯಾದರೂ ಬಾಯಿಬಿಟ್ಟು ಹೇಳಿದ್ದನೆ? ಇಲ್ಲ. ಅದಕ್ಕೆ ಬಿಗುಮಾನ ಅಡ್ಡ.

“ರೀ, ಶಾಲೆಯವರು ಇನ್ನೊಂದು ವರ್ಷ ಇರಿ ಅಂತಿದ್ದಾರೆ,” ಎಂದಳು ಹೆಂಡತಿ. “ಇವತ್ತೇ ಹೇಳ್ಬೇಕು. ಏನ್ ಮಾಡ್ಲಿ?”

“ನಿನ್ನಿಷ್ಟ,” ಎಂದ ಮಾತ್ರೆರಾಯ. ಅಷ್ಟರಲ್ಲಿ ಕಣ್ಣು ಮೇಜಿನ ಮೇಲೆ ಬಿತ್ತು. “ಅದೇನದು ಹಿಂದೆ?”

“ಇದಾ? ನನ್ನ ಕ್ಲಾಸಿನ ಬೇಕರಿಯವನು ತಂದ್ಕೊಟ್ಟ. ಇನ್ನೂ ಬಿಸಿ ಇದೆ, ಪಾಪ. ಬಂದಾಗ ಎ ಬಿ ಸಿ ಬರ್ತಿರ್ಲಿಲ್ಲ, ಈಗ ಕತೆ ಹೇಳೋ ಅಷ್ಟು ಇಂಗ್ಲಿಷ್ ಬರತ್ತೆ.”

“ಎಂಥಾ ಕತೆ?”

“ಏನೇನೋ. ತುಂಬ ನಗಿಸ್ತಾನೆ.”

ಕರೆ ಮುಗಿಯಿತು. ಮಾತ್ರೆರಾಯನ ಹೊಟ್ಟೆಗೆ ಕಿಚ್ಚು ಬಿತ್ತು. ಮದುವೆಯಾದಾಗಿನಿಂದ ಅವನು ಹೆಂಡತಿಯನ್ನು ನಗಿಸಿದ್ದು ಒಂದೇ ಸಲ, ಅದೂ ಮೆಟ್ಟಿಲಿಂದ ಜಾರಿ ಬಿದ್ದಾಗ. ಬೇಕರಿಯವನು ಬೀಳದೆಯೇ ನಗಿಸುತ್ತಾನಂತೆ. ಅವನ ಒಲೆ ಆರಿಹೋಗಲಿ ಎಂದು ಶಪಿಸುತ್ತ ಅಂಗಡಿ ತೆರೆದ.

ಆಗಷ್ಟೇ ಔಷಧಿ ಒಯ್ದಿದ್ದ ಪಕ್ಕದ ಅಂಗಡಿಯ ಟೈಲರ್ ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು ಕೌಂಟರಿನ ಮೇಲೆ ಒಂದು ಪೊಟ್ಟಣ ಇಟ್ಟ.

“ಕೆಮ್ಮಿಗೆ ಔಷಧಿ ಕೇಳಿದ್ರೆ ಮಂಡಿಗೆ ಸುತ್ತೋ ಪಟ್ಟಿ ಕೊಟ್ಟಿದೀಯಲ್ಲೋ. ಕತ್ತಿಗೆ ಸುತ್ಕೊಳ್ಳಲಾ?”

ಬಿ.ಪಿ. ಮಾತ್ರೆಗೆ ಬಂದಿದ್ದ ಮೇಲ್ಮನೆ ದೊಡ್ಡಮ್ಮ ಅಲ್ಲೇ ಇದ್ದರು. ಬೀದಿಗೆಲ್ಲ ದೊಡ್ಡಮ್ಮನೇ ಆದ ಅವರಿಗೆ ಇನ್ನೊಬ್ಬರ ಮನೆಯ ವಿಷಯ ತಿಳಿಯದಿದ್ದರೆ ಬಿ.ಪಿ. ಏರುತ್ತಿತ್ತು. “ಮುಖ ಯಾಕಪ್ಪಾ ಹೀಗಾಗಿದೆ?” ಎಂದು ಕೇಳಿಯೇಬಿಟ್ಟರು. ಮಾತ್ರೆರಾಯ ತಡೆಯಲಾರದೆ ಎಲ್ಲ ಕಕ್ಕಿದ.

“ಬೇಕರಿಯವನಿಗೆ ಮದುವೆ ಆಗಿದೆಯಾ?” ದೊಡ್ಡಮ್ಮ ಕೇಳಿದರು.

“ನಂಗೇನ್ ಗೊತ್ತು?”

“ಕೇಳ್ಲಿಲ್ವಾ? ಒಳ್ಳೆ ಗಂಡ.”

“ಹಿಟ್ಟು ನಾದಿ ನಾದಿ ಬೇಕರಿಯವರ ತೋಳು ಇಷ್ಟಿಷ್ಟು ಗಾತ್ರ ಇರತ್ತೆ,” ಎಂದು ಟೈಲರ್ ಅಳತೆ ತೋರಿಸಿದ. ಅಳತೆಯ ವಿಷಯದಲ್ಲಿ ಅವನ ಮಾತು ತೆಗೆದುಹಾಕುವಂತಿರಲಿಲ್ಲ. ಮಾತ್ರೆರಾಯ ತನ್ನ ತೋಳು ನೋಡಿಕೊಂಡು ಅಂಗಿಯ ಕೈ ಕೆಳಗೆ ಎಳೆದುಕೊಂಡ.

“ಸುಮ್ನೆ ಬಾ ಅಂತ ಹೇಳ್ಬಿಡು ಮಾರಾಯ,” ಎಂದ ಟೈಲರ್.

“ನಾನ್ಯಾಕೆ ಹೇಳ್ಲಿ? ಅವಳಿಗೇ ಅನ್ನಿಸ್ಬೇಕು.”

“ಅನ್ನಿಸೋ ಹಾಗೆ ಮಾಡಿದ್ರಾಯ್ತು,” ಎಂದರು ದೊಡ್ಡಮ್ಮ. “ನೀನು ಇಲ್ಲಿ ರಾಜನ ಹಾಗಿದ್ದೀಯ ಅಂತ ಒಂದು ಫೋಟೋ ಕಳಿಸು. ಪಕ್ಕದಲ್ಲಿ ಯಾವಳೋ ಒಬ್ಬಳ ಕೈ ಕಾಣ್ಲಿ. ಅವಳಿಗೂ ಸ್ವಲ್ಪ ಹೊಟ್ಟೆ ಉರೀಲಿ. ಓಡ್ಬರ್ತಾಳೆ ನೋಡು.”

ಮಧ್ಯಾಹ್ನ ಅಂಗಡಿ ಮುಚ್ಚಿತು. ಮನೆಯ ಸ್ಥಿತಿ ನೋಡಿ ದೊಡ್ಡಮ್ಮ ಬಾಗಿಲಲ್ಲೇ ನಿಂತುಬಿಟ್ಟರು. ಕುರ್ಚಿಗಳ ಮೇಲೆ ಬಟ್ಟೆ, ಬಟ್ಟೆಗಳ ಮೇಲೆ ತಟ್ಟೆ. ಮೂಗಿಗೆ ಸೆರಗು ಹಿಡಿದುಕೊಂಡು ಕಸ ಗುಡಿಸಿದರು, ತಮ್ಮ ಮನೆಯ ಪರದೆ ತಂದರು, ತಮ್ಮದೇ ಪಾತ್ರೆಗಳಲ್ಲಿ ಅಡುಗೆಯನ್ನೂ ತಂದರು. ಪರದೆ ಕಟ್ಟುವಾಗ ಸರಳು ಕಳಚಿ ಮಾತ್ರೆರಾಯನ ತಲೆಯ ಮೇಲೆ ಬಿತ್ತು. ಇದ್ದೊಂದು ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಹೋಗಿ ಬೆನ್ನಿಗೆ ಅಂಗೈಯಗಲ ತೂತು ಮಾಡಿಕೊಂಡ. “ಮುಂದಿಂದ ತಾನೇ ಫೋಟೋ ತೆಗೆಯೋದು,” ಎಂದು ಟೈಲರ್ ಸಮಾಧಾನ ಹೇಳಿದ.

ಉಳಿದದ್ದು ಹೆಣ್ಣಿನ ಕೈ.

“ನನ್ನ ಕೈ ಬೇಡಪ್ಪ,” ಎಂದರು ದೊಡ್ಡಮ್ಮ. “ಈ ಸುಕ್ಕು ನೋಡಿ ಅವಳಿಗೆ ಕರುಣೆ ಬಂದೀತು.”

ಇಬ್ಬರೂ ಟೈಲರನತ್ತ ತಿರುಗಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ, ಆದರೆ ಬಾಗಿಲಿಗೆ ದೊಡ್ಡಮ್ಮ ಅಡ್ಡವಿದ್ದರು. ಸೋಪು ಹಚ್ಚಿ ಬಳೆ ತೊಡಿಸಿದ್ದಾಯಿತು. ಯಾರೋ ಗಿರಾಕಿ ಒಯ್ಯದೆ ಬಿಟ್ಟಿದ್ದ ರವಿಕೆಯ ಲೇಸಿನ ತೋಳು ರೋಮವನ್ನೆಲ್ಲ ಮುಚ್ಚಿತು. ಕೆಮ್ಮನ್ನು ಮುಚ್ಚಲಾಗಲಿಲ್ಲ. ಟೀ ಲೋಟ ಹಿಡಿದ ಕೈ ಪ್ರತಿ ಕೆಮ್ಮಿಗೂ ಕುಣಿದು ಮಾತ್ರೆರಾಯನ ತೊಡೆಯ ಮೇಲೆ ಟೀ ಚೆಲ್ಲಿತು. ದೊಡ್ಡಮ್ಮ ಮೊದಲು ತಮ್ಮ ಹೆಬ್ಬೆರಳಿನ ಫೋಟೋ ತೆಗೆದರು, ಆಮೇಲೆ ಸೂರಿನದು. ಕೊನೆಗೆ ಒಂದು ಸರಿಯಾಗಿ ಬಂತು. ತೊಡೆ ಉರಿಯುತ್ತಿದ್ದರೂ ಮಾತ್ರೆರಾಯ ನಗುತ್ತಿದ್ದ.

ಫೋಟೋ ಹೋಯಿತು. ಮೂವರೂ ಫೋನಿನ ಸುತ್ತ ಕೂತರು. ಸಂಜೆ ಹೊತ್ತಿಗೆ ಅದು ಬಡಿದುಕೊಂಡಿತು.

“ರೀ, ಫೋಟೋ ನೋಡಿದೆ,” ಎಂದಳು ಹೆಂಡತಿ. ದೊಡ್ಡಮ್ಮ ಗೆದ್ದೆವು ಎಂಬಂತೆ ಕಣ್ಣು ಹೊಡೆದರು.

“ಯಾವ ಫೋಟೋ? ಓ, ಅದಾ.”

“ಟೀ ಕೊಡ್ತಿರೋದು ಟೈಲರಣ್ಣ ಅಲ್ವಾ? ಹೊಲಿಯುವಾಗ ಬೆರಳಿಗೆ ಹಾಕ್ಕೊಳ್ಳೋ ಟೋಪಿ ಹಾಗೇ ಇದೆ. ಪಾಪ, ಕೆಲಸ ಬಿಟ್ಟು ಓಡ್ಬಂದಿದ್ದಾರೆ.”

ಮೂವರೂ ಟೈಲರನ ಬೆರಳು ನೋಡಿದರು. ಅವನು ಕೈಯನ್ನು ಬೆನ್ನ ಹಿಂದೆ ಅಡಗಿಸಿದ.

“ದೊಡ್ಡಮ್ಮನ ಪರದೆ, ದೊಡ್ಡಮ್ಮನ ಪಾತ್ರೆ. ನಿಮ್ಮನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ತಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ರೀ. ನಿಜ ಹೇಳ್ಲಾ? ಬೆಳಗ್ಗೆ ನಿಮ್ಮ ಮುಖ ನೋಡಿ ಕರುಳು ಚುರುಕ್ ಅಂತು. ಇನ್ನು ಇಲ್ಲಿ ಇರಲ್ಲ ಅಂತ ಹೇಳೋಕೆ ಹೊರಟಿದ್ದೆ. ಆಫೀಸಿನ ಬಾಗಿಲಲ್ಲಿ ನಿಂತಾಗ ಫೋಟೋ ಬಂತು. ಮನಸ್ಸು ಹಗುರಾಯ್ತು. ಒಳಗೆ ಹೋಗಿ ಇನ್ನೊಂದು ವರ್ಷಕ್ಕೆ ಒಪ್ಕೊಂಡು ಸಹಿ ಹಾಕ್ಬಂದೆ.”

ಮಾತ್ರೆರಾಯನ ಬಿಗುಮಾನ ಆಗ ಬಿಟ್ಟುಹೋಯಿತು.

“ಬಂದ್ಬಿಡೇ. ನೀನಿಲ್ದೆ ನಂಗಾಗ್ತಿಲ್ಲ.”

“ಇದನ್ನ ಬೆಳಗ್ಗೆನೇ ಹೇಳ್ಬಾರ್ದಿತ್ತಾ?” ಎಂದಳು ಮೆಲ್ಲಗೆ.

“ಎಲ್ಲ ಆ ಬೇಕರಿಯವನಿಂದ ಆಗಿದ್ದು.”

“ಬೇಕರಿಯವನಾ? ಅವನ ಪಾಠ ಮುಗೀತು ಅಂತಲೇ ಬ್ರೆಡ್ ತಂದ್ಕೊಟ್ಟಿದ್ದು. ಹೆಂಡತಿ ಮಕ್ಕಳನ್ನ ಕರ್ಕೊಂಡು ಬೇರೆ ಊರಿಗೆ ಹೊರಟ.”

ಮಾತ್ರೆರಾಯನಿಗೆ ಬೆಳಗಿನಿಂದ ಮೊದಲ ಸಲ ಸರಿಯಾಗಿ ಉಸಿರು ಬಂತು. ಹೋಗಲಿ, ಒಂದು ವರ್ಷ ತಾನೇ, ಕಣ್ಣು ಮುಚ್ಚಿ ಬಿಡುವುದರೊಳಗೆ ಕಳೆದೀತು ಅನ್ನಿಸಿತು. “ಹಾಗಾದ್ರೆ ಇನ್ನು ಯಾರಿಗೆ ಕಲಿಸ್ತೀಯ?” ಎಂದು ಹಗುರಾಗಿ ಕೇಳಿದ.

“ಹೊಸಬ ಒಬ್ಬ ಸೇರಿದಾನೆ. ಈಜು ಕಲಿಸೋನು. ಪಾಪ, ಒಂದಕ್ಷರ ಬರಲ್ಲ, ಎಲ್ಲ ಮೊದಲಿಂದ ಹೇಳ್ಕೊಡ್ಬೇಕು,” ಎಂದಳು ಹೆಂಡತಿ. “ಬದಲಿಗೆ ನಂಗೆ ಈಜು ಕಲಿಸ್ತಾನಂತೆ.”