ಫ್ಯೂಸಮ್ಮನ ಕಾಲ್ಗುಣ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ. ಒಂದು ಸಲ ಪೆನ್ನಿನಲ್ಲಿ ಇಂಕು ಇರಲಿಲ್ಲ, ಒಂದು ಸಲ ಕನ್ನಡಕ ಸಿಗಲಿಲ್ಲ, ಇನ್ನೊಂದು ಸಲ ಎರಡೂ ಇದ್ದವು, ಅಷ್ಟರಲ್ಲಿ ಕಾಫಿ ಬಂತು. ತಪ್ಪು ಒಪ್ಪಿಕೊಳ್ಳಬೇಕಾದವನಿಗೆ ನೆಪಗಳು ಕರೆಯದೆ ಬರುವ ನೆಂಟರ ಹಾಗೆ. ಬಂದರೆ ನಾಲ್ಕು ದಿನ ಇದ್ದೇ ಹೋಗುತ್ತವೆ. ನಲವತ್ತು ವರ್ಷ ಹೀಗೇ ಹೋಯಿತು. ಇವತ್ತು ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದೇನೆ, ಕಾಫಿ ಬೇಡವೆಂದು ಹೇಳಿದ್ದೇನೆ. ಹೇಳಿ ಮುಗಿಸಿಯೇ ಏಳುವುದು.

ಆಗ ನಾನು ಅಜ್ಜಂಪುರದ ಒಂದು ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನೊಬ್ಬನೇ. ಆದ್ದರಿಂದ ಮನೆಗೆ ಬಂದ ಕಾಗದ, ಮದುವೆಯ ಕರೆಯೋಲೆ, ಔಷಧದ ಬಾಟಲಿಗೆ ಅಂಟಿಸಿದ ಚೀಟಿ ಎಲ್ಲವನ್ನೂ ನಾನೇ ಓದಿ ಅರ್ಥ ಹೇಳಬೇಕು. ಅರ್ಥವಾಗದಿದ್ದರೂ ಹೇಳುತ್ತಿದ್ದೆ. ಒಮ್ಮೆ ಕೆಮ್ಮಿಗೆ ಕುಡಿಯುವ ಔಷಧವನ್ನು ಅವ್ವನ ಮಂಡಿಗೆ ಎರಡು ದಿನ ಹಚ್ಚಿಸಿದ್ದೆ. ಮಂಡಿನೋವು ಕಡಿಮೆಯಾಗಿದ್ದರಿಂದ ನನ್ನ ವಿದ್ಯೆಯ ಮೇಲೆ ಮನೆಯವರ ನಂಬಿಕೆ ಇನ್ನೂ ಹೆಚ್ಚಿತು.

ಆ ವರ್ಷವೇ ನನ್ನ ತಮ್ಮನ ಮದುವೆಯಾದದ್ದು. ಹುಡುಗಿ ಪಂಚನಹಳ್ಳಿ ಕಡೆಯ ಒಂದು ಸಣ್ಣ ಹಳ್ಳಿಯವಳು. ಅಲ್ಲಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಮ್ಮ ಮನೆಗೆ ಬಂದ ಹೊಸದರಲ್ಲಿ ಸ್ವಿಚ್ಚು ಒತ್ತಿ ಬಲ್ಬಿನ ಕಡೆ ನೋಡುತ್ತಾ ಒಂದು ಗಳಿಗೆ ನಿಲ್ಲುತ್ತಿದ್ದಳು. ಕಾರ್ತಿಕ ಮಾಸ ಹತ್ತಿರ ಬಂದಾಗ ಒಂದು ದಿನ ಬಾಗಿಲ ಮರೆಯಿಂದ ಕೇಳಿದಳು: "ಭಾವ, ಕಡೂರಿನ ಈಶ್ವರನ ಗುಡೀಲಿ ಲೈಟಿನ ನವಿಲು ಕಟ್ತಾರಂತೆ. ಅದು ಗರಿ ಬಿಚ್ಚಿ ಮುಚ್ಚಿ ಮಾಡ್ತದಂತೆ. ಹೌದಾ?"

"ಹೌದಾ ಅಂತ ಯಾಕೆ ಕೇಳ್ತೀಯವ್ವ, ತೋರಿಸ್ತೀನಿ ಬಾ," ಎಂದೆ. ತಮ್ಮನಿಗೆ ಸೋಮವಾರ ಸಂತೆಯ ವ್ಯಾಪಾರ, ಅವನು ಬರುವಂತಿರಲಿಲ್ಲ. ಅವ್ವ, ನನ್ನ ಹೆಂಡತಿ, ತಮ್ಮನ ಹೆಂಡತಿ, ಮೂವರನ್ನೂ ಕರೆದುಕೊಂಡು ಕಾರ್ತಿಕದ ಒಂದೊಂದು ಸೋಮವಾರ ಒಂದೊಂದು ಊರಿನ ದೀಪಾಲಂಕಾರ ನೋಡಿಯೇ ತೀರುವುದೆಂದು ಹಟ ತೊಟ್ಟೆ.

ಹಟಕ್ಕೆ ಅಡ್ಡಿ ಎಂದರೆ ಕರೆಂಟು. ಆಗ ಸಂಜೆ ಹೊತ್ತು ಒಂದೊಂದು ಊರಿಗೆ ಒಂದೊಂದು ದಿನ ಕರೆಂಟು ತೆಗೆಯುತ್ತಿದ್ದರು. ನಾನು ವಿದ್ಯಾವಂತ, ಕಣ್ಣು ಮುಚ್ಚಿಕೊಂಡು ಹೊರಡುವವನಲ್ಲ. ಹಿಟ್ಟಿನ ಗಿರಣಿಯ ಬಸಣ್ಣನ ಗೋಡೆಯ ಮೇಲೆ ವೇಳಾಪಟ್ಟಿಯ ಕಾಗದ ಅಂಟಿಸಿತ್ತು. ಮೇಲಿನ ಸಾಲಿನ ಮೇಲೆ ಹಿಟ್ಟು ದಪ್ಪನಾಗಿ ಕೂತಿತ್ತು. ಕೆಳಗೆ 'ಸೋಮವಾರ ಸಂಜೆಯ ಸರದಿ' ಎಂದು ಸ್ಪಷ್ಟವಾಗಿ ಬರೆದು, ಮೊದಲ ವಾರ ಅಜ್ಜಂಪುರ, ಎರಡನೆಯ ವಾರ ತರೀಕೆರೆ, ಮೂರನೆಯ ವಾರ ಕಡೂರು ಎಂದಿತ್ತು. ಸರದಿ ಎಂದರೆ ಕರೆಂಟು ಬರುವ ಸರದಿ ಎಂದು ನನ್ನ ಎಸ್ಸೆಸ್ಸೆಲ್ಸಿ ಹೇಳಿತು. ಜೇಬಿನ ನೋಟ್‌ಬುಕ್ಕಿಗೆ ದುಂಡಗಿನ ಅಕ್ಷರದಲ್ಲಿ ಇಳಿಸಿಕೊಂಡೆ.

ಮೊದಲ ಸೋಮವಾರ ನಮ್ಮೂರಿನ ಗುಡಿಯ ಮೆಟ್ಟಿಲು ಹತ್ತುತ್ತಿದ್ದಂತೆ ಸೀರಿಯಲ್ ಸೆಟ್ಟುಗಳೆಲ್ಲ ಒಟ್ಟಿಗೆ ಆರಿದವು. ಎರಡನೆಯ ಸೋಮವಾರ ತರೀಕೆರೆಯಲ್ಲಿ ಬಸ್ಸಿಳಿದು ಗುಡಿಯ ಬೀದಿಗೆ ಕಾಲಿಟ್ಟೆವು. ಬೀದಿಗೆ ಬೀದಿಯೇ ಕತ್ತಲಾಯಿತು. ಜನ "ಓ" ಎಂದರು. ನನ್ನ ಹೆಂಡತಿ, "ನಿಮ್ಮ ಬುಕ್ಕು ಏನು ಹೇಳ್ತದೆ, ಸ್ವಲ್ಪ ನೋಡ್ಕೊಳ್ರೀ," ಎಂದಳು. ಹೆಂಡತಿ ಹಾಗೆ ಕೇಳಿದಾಗ ಗಂಡಸಿನ ಬಾಯಿಗೆ ಏನು ಬರುತ್ತದೋ ಹೇಳಲಾಗದು. ನಾನು ತಮ್ಮನ ಹೆಂಡತಿಯ ಕಡೆ ತಿರುಗಿ ನಗುತ್ತಾ, "ಬುಕ್ಕು ಸರಿಯಾಗೇ ಇದೆ ಕಣೇ. ಇದು ನಮ್ಮ ಹೊಸ ಸೊಸೆ ಕಾಲ್ಗುಣ," ಎಂದುಬಿಟ್ಟೆ.

ಅವಳೂ ನಕ್ಕಳು. ಗುಡಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದ ಹಣತೆಗಳನ್ನು ತೋರಿಸಿ, "ಭಾವ, ಕರೆಂಟು ಹೋದ್ಮೇಲೆ ಎಣ್ಣೆ ದೀಪ ಎಷ್ಟು ಚೆನ್ನಾಗಿ ಕಾಣ್ತವೆ ನೋಡಿ," ಎಂದಳು. ನಾನು ನೋಡಲಿಲ್ಲ. ಮೂರು ಟಿಕೆಟು ಕೊಂಡು, ನಾಲ್ಕನೆಯದಾಗಿ ಅವ್ವನಿಗೂ ಕೊಂಡು ಬಂದವನು ಹಣತೆ ನೋಡುತ್ತಾನೆಯೇ, ಹಣತೆ ನಮ್ಮ ಮನೆಯಲ್ಲಿ ಇರಲಿಲ್ಲವೇ ಎಂದುಕೊಂಡೆ. ಅವ್ವ ಮಾತ್ರ ನಗಲಿಲ್ಲ. ಕಾಲ್ಗುಣ ಎಂಬ ಮಾತನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೂರನೆಯ ಸೋಮವಾರ ಕಡೂರು. ಗುಡಿಯ ಮುಂದೆ ಬಿದಿರಿನ ಚೌಕಟ್ಟಿನಲ್ಲಿ ನವಿಲಿನ ಕುತ್ತಿಗೆ ನೀಲಿಯಾಗಿ ಹೊಳೆಯುತ್ತಿತ್ತು. ತಮ್ಮನ ಹೆಂಡತಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು. ಗರಿ ಬಿಚ್ಚುವ ಮೊದಲೇ ನವಿಲು ಸತ್ತಿತು. ಕತ್ತಲಲ್ಲಿ ಅವ್ವನ ದನಿ ಕೇಳಿತು: "ಸಾಕು ಕಣೋ. ಮುಂದಿನ ವಾರ ಅವಳು ಮನೇಲಿರ್ಲಿ."

ಹಟ ನನ್ನದು, ನವಿಲನ್ನು ನೋಡದೆ ಬಿಡುವುದುಂಟೆ? ನಾಲ್ಕನೆಯ ಸೋಮವಾರ ಬುಕ್ಕನ್ನು ತೆರೆಯದೆಯೇ ಮತ್ತೆ ಕಡೂರಿಗೇ ಹೋದೆವು. ಕೇಳಿದವಳನ್ನು ಅವರೆಕಾಳು ಬಿಡಿಸಲು ಕೂರಿಸಿ, ಕೇಳದ ನಾವು ಮೂವರು ಹೋದೆವು. ನವಿಲು ಹತ್ತಾರು ಸಲ ಗರಿ ಬಿಚ್ಚಿತು, ಮುಚ್ಚಿತು. ಒಂದು ಬಲ್ಬೂ ಕಣ್ಣು ಮಿಟುಕಿಸಲಿಲ್ಲ. ಮನೆಗೆ ಬಂದು ನಾನೇ ಎಲ್ಲರೆದುರು, "ನಾನು ಹೇಳಲಿಲ್ವಾ, ನಮ್ಮ ಫ್ಯೂಸಮ್ಮ ಬರದಿದ್ರೆ ಕರೆಂಟು ಹೋಗಲ್ಲ," ಎಂದೆ. ಎಲ್ಲರೂ ನಕ್ಕರು. ಅವಳು ಅವರೆಸಿಪ್ಪೆಯನ್ನು ಮೊರಕ್ಕೆ ತುಂಬಿಕೊಂಡು ಹಿತ್ತಿಲಿಗೆ ಹೋದಳು.

ಮರುದಿನ ಬೆಳಿಗ್ಗೆ ರಾಗಿ ಬೀಸಿಸಲು ಗಿರಣಿಗೆ ಹೋದೆ. ಬಸಣ್ಣ ಹಳೆಯ ಕಾಗದ ಕೀಳುವ ಮೊದಲು ಟವಲಿನಿಂದ ಒಂದು ಸಲ ಕೊಡವಿದ. ಹಿಟ್ಟು ಉದುರಿ ಮೇಲಿನ ಸಾಲು ಕಾಣಿಸಿತು: 'ಕರೆಂಟು ನಿಲ್ಲಿಸುವ ವೇಳೆ'.

"ಏನಪ್ಪಾ, ಹಂಗೆ ನಿಂತ್ಬಿಟ್ಟೆ?" ಎಂದ ಬಸಣ್ಣ.

"ಏನಿಲ್ಲ, ಕಣ್ಣಿಗೆ ಹಿಟ್ಟು ಬಿತ್ತು," ಎಂದೆ. ಅಂದು ನಾನು ಹೇಳಿದ್ದರಲ್ಲಿ ಅದೊಂದು ನಿಜಕ್ಕೆ ಹತ್ತಿರವಾದ ಮಾತು.

ಆ ರಾತ್ರಿಯೇ ಊಟಕ್ಕೆ ಕೂತಾಗ ಹೇಳಬಹುದಿತ್ತು. ಹೇಳಿದ್ದರೆ ಮಂಡಿಗೆ ಹಚ್ಚಿದ ಔಷಧದವರೆಗೂ ವಿಚಾರಣೆ ಹೋಗುತ್ತಿತ್ತು. ಒಂದು ವಾರ ಬಿಟ್ಟು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ನನ್ನ ತಮಾಷೆ ನನ್ನ ಕೈಬಿಟ್ಟು ನೆಂಟರ ಮನೆಗಳಿಗೆ ಹೋಗಿ ಬಂದಿತ್ತು, ಬರುವಾಗ ತಮಾಷೆಯಾಗಿ ಉಳಿದಿರಲಿಲ್ಲ. ಒಂದು ಗೃಹಪ್ರವೇಶದಲ್ಲಿ ಅವಳು ದೀಪಕ್ಕೆ ಎಣ್ಣೆ ಹಾಕಲು ಬಗ್ಗಿದಾಗ ನಮ್ಮ ಸೋದರತ್ತೆ, "ನೀನು ಒಸಿ ಹಿಂದಕ್ಕೆ ನಿಲ್ಲವ್ವ," ಎಂದರು. ಎಣ್ಣೆಯ ಗಿಂಡಿಯನ್ನು ಬೇರೆಯವರ ಕೈಗೆ ಕೊಟ್ಟು ಅವಳು ಗೋಡೆಯ ಪಕ್ಕಕ್ಕೆ ಸರಿದಳು. ಒಂದು ಸಲ ನನ್ನ ಕಡೆ ನೋಡಿದಳು. ನನ್ನ ಜೇಬಿನಲ್ಲಿ ಆ ನೋಟ್‌ಬುಕ್ಕು ಇತ್ತು. ನಾನು ಹೋಳಿಗೆಗೆ ತುಪ್ಪ ಬಡಿಸುವವನನ್ನು ಕರೆದೆ.

ಆಮೇಲಿನ ಶುಭಕಾರ್ಯಗಳಲ್ಲಿ ಯಾರೂ ಹೇಳದಿದ್ದರೂ ಅವಳೇ ಹಿಂದೆ ನಿಲ್ಲುತ್ತಿದ್ದಳು. ನನ್ನ ಮಗಳ ಮದುವೆಯಲ್ಲೂ ಹಾಗೇ ನಿಂತಳು. ಕೆಲವು ವರ್ಷಗಳ ಮೇಲೆ ಆ ಹೆಸರನ್ನು ಅವಳೇ ಎತ್ತಿಕೊಂಡಳು. ಈಗಲೂ ಬಂದರೆ ಹೊಸ್ತಿಲಾಚೆ ನಿಂತು, "ಭಾವ, ಫ್ಯೂಸಮ್ಮ ಬಂದವ್ಳೆ. ಟಾರ್ಚು ಹತ್ತಿರ ಇಟ್ಕೊಳ್ಳಿ, ಒಳಗೆ ಬತ್ತೀನಿ," ಎನ್ನುತ್ತಾಳೆ. ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ. ಹೋದ ತಿಂಗಳು ಮಗ ಮನೆಗೆ ಯುಪಿಎಸ್ ಹಾಕಿಸಿದಾಗ, "ಅಂತೂ ನನಗೊಂದು ಪರಿಹಾರ ಮಾಡಿಸಿದ್ರಿ ಭಾವ," ಎಂದಳು. ಆ ದಿನವೇ ಪೆಟ್ಟಿಗೆಯಿಂದ ನೋಟ್‌ಬುಕ್ಕನ್ನು ತೆಗೆದು ಮೇಜಿನ ಮೇಲಿಟ್ಟೆ.

ಬರೆದದ್ದನ್ನು ಈಗ ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದೆ. ಗಿರಣಿಯವನ ಹೆಸರೂ ಬರೆದಿದ್ದೇನೆ. ಅವಳು ಮಾತ್ರ ಉದ್ದಕ್ಕೂ ತಮ್ಮನ ಹೆಂಡತಿ, ಹೊಸ ಸೊಸೆ, ಫ್ಯೂಸಮ್ಮ. ತಲೆಬರಹವನ್ನು ಮಾತ್ರ ಓದದೆ ಬಿಡುವ ನನ್ನ ಹಳೆಯ ಚಾಳಿ ಇನ್ನೂ ಹೋಗಿಲ್ಲ. ಅವಳ ಲಗ್ನಪತ್ರಿಕೆಯನ್ನು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಅದರಲ್ಲಿ ಹಿಟ್ಟು ಮುಚ್ಚದೆ, ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಸರ್ವಮಂಗಳ.