ಬರ್ಫದ ಟಾಕಿಯೊಳಗಿದ್ದಾಕಿ

ಸಮುದ್ರದಿಂದ ಇಷ್ಟು ದೂರ, ಮರಾಠಿ ಸೀಮೆಯ ಸಿನ್ನರ್‌ನಲ್ಲಿ ಕೂತು ಸಮುದ್ರದ ಯಂತ್ರ ಮಾಡಹೊರಟರೆ ಇಂಥವು ಆಗದೆ ಇನ್ನೇನು ಆದೀತು? ನಮ್ಮ ಶೆಡ್ಡಿನಲ್ಲಿ ಆಗುತ್ತಲೇ ಇರುತ್ತವೆ.

ಎರಡು ನೀರು

ಸಮುದ್ರದ ಮೇಲಿನ ನೀರು ಬೆಚ್ಚಗೆ, ಆಳದ್ದು ತಣ್ಣಗೆ. ಆ ವ್ಯತ್ಯಾಸದಿಂದಲೇ ಕರೆಂಟು ತೆಗೆಯುವ ಯಂತ್ರದ ಸಣ್ಣ ಮಾದರಿ ನಮ್ಮ ಕೆಲಸ. ನೀರು ತುಂಬುವ ಟಾಕಿ ಎರಡು: ಒಂದರಲ್ಲಿ ಬಿಸಿಲಿಗೆ ಕಾದ ನೀರು, ಇನ್ನೊಂದರಲ್ಲಿ ಬರ್ಫದ ಗಡ್ಡೆ ಹಾಕಿದ ನೀರು. ನಡುವಿನ ಕೊಳವೆಯಲ್ಲಿ, ಬೆಚ್ಚನೆ ನೀರಿನ ಶಾಖಕ್ಕೇ ಆವಿಯಾಗುವ ದ್ರವ. ಆ ಆವಿ ಚಕ್ರ ತಿರುಗಿಸುತ್ತದೆ. ಇದನ್ನು ಮಾಡಿಸುತ್ತಿರುವ ಮುಂಬೈ ಸಾಹೇಬರು ನೋಡಿ ಒಪ್ಪಿದರೆ ದೊಡ್ಡ ಕೆಲಸ. ಇಲ್ಲದಿದ್ದರೆ ಶೆಡ್ಡಿಗೆ ಬೀಗ, ನಮಗೆಲ್ಲ ವಾಪಸು ಊರಿಗೆ ಕಲಬುರ್ಗಿ ಬಸ್ಸು.

ಇದನ್ನೆಲ್ಲ ನಮಗೆ ಅಡುಗೆ ಮಾಡಿಹಾಕುವ ದೊಡ್ಡವ್ವನಿಗೆ ಬಿಡಿಸಿ ಹೇಳಿದೆ.

"ಬೆಂಕಿ ಇಲ್ಲ?"

"ಇಲ್ಲ ದೊಡ್ಡವ್ವ."

"ಎಣ್ಣಿ?"

"ಅದೂ ಇಲ್ಲ."

ಆಕೆ ದನಿ ತಗ್ಗಿಸಿದಳು. "ಹಂಗಾದ್ರ ಒಳಗ ಯಾರ ಅದಾರ?"

ಕರೆಂಟು ಹೋದಾಗ

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಲೇಥು, ಫ್ಯಾನು, ಪಕ್ಕದ ಕಾರ್ಖಾನೆಯ ಗದ್ದಲ, ಎಲ್ಲ ನಿಂತವು. ಆ ಮೌನದಲ್ಲಿ ನಮ್ಮ ಚಕ್ರವೊಂದೇ ತನ್ನಷ್ಟಕ್ಕೆ ತಿರುಗುತ್ತಿತ್ತು. ಕೊಳವೆಯೊಳಗೆ ಯಾರೋ ಚಳಿಗೆ ಹಲ್ಲು ಕಟಕಟಿಸಿದಂತೆ ಸದ್ದು. ದ್ರವ ಕುದಿಯುವ ಸದ್ದೆಂದು ಗೊತ್ತಿದ್ದೂ ನನ್ನ ಮೈಮೇಲೆ ಮುಳ್ಳೆದ್ದವು.

ನಮ್ಮ ವೆಲ್ಡರ್ ಮಾತ್ರ ಧೈರ್ಯವಂತ. "ಅಂಜಬ್ಯಾಡ್ರೋ, ಇದು ಸೈನ್ಸ್ ಅದ!" ಎಂದು ಎಲ್ಲರಿಗೂ ಕೂಗಿ ಹೇಳಿದ, ರಸ್ತೆಯಾಚೆ ನಿಂತು.

ಸಾಹೇಬರು ಬಂದ ದಿನ

ಚಕ್ರ ಅಲುಗಲೇ ಇಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ನನ್ನ ಕಣ್ಣ ಮುಂದೆ ಕಲಬುರ್ಗಿ ಬಸ್ಸು. ಬರ್ಫದ ಟಾಕಿಗೆ ಕೈ ಅದ್ದಿದರೆ ನೀರು ಸ್ನಾನಕ್ಕೆ ಹದವಾಗಿತ್ತು!

"ನಾನೇ ಬಿಸಿನೀರ ಹಾಕೀನ್ರಿ," ಅಂದಳು ದೊಡ್ಡವ್ವ. "ಪಾಪ, ಬರ್ಫದಾಗ ಕುಂತು ಗಡಗಡ ನಡಗಲತ್ತಿದ್ಳು. ನೋಡ್ರಿ, ಈಗ ಹೆಂಗ ಮಲಗ್ಯಾಳ."

ಓಡಿ ಬರ್ಫ ತಂದು ಸುರಿದೆವು. ಚಕ್ರ ನಡುಗಿ, ತಿರುಗಿ, ದೀಪ ಹತ್ತಿತು. ಸಾಹೇಬರು ಒಪ್ಪಿದರು. ನನಗೆ ಹೋದ ಜೀವ ಬಂತು. ದೊಡ್ಡವ್ವ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಉಡಿ ತುಂಬಿದ್ದು

ಯಂತ್ರ ಲಾರಿ ಏರಿತು. ಅದೇ ಲಾರಿಯಲ್ಲಿ ತಾವೊಬ್ಬರೇ ಜೊತೆಗೆ ಹೋಗುವುದಾಗಿ ಸಾಹೇಬರು ಹೇಳಿದ್ದರು. ಸಮುದ್ರವೇ ಗಂಡನ ಮನೆ ಎಂಬಂತೆ ದೊಡ್ಡವ್ವ ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಕಣ ಇಟ್ಟು ಯಂತ್ರದ ಉಡಿ ತುಂಬಿದಳು. "ಹೋಗಿ ಬಾ ನನ್ನವ್ವ."

ಸಾಹೇಬರು ಗಹಗಹಿಸಿ ನಕ್ಕರು.

ಎರಡೂ ಟಾಕಿ ಖಾಲಿ. ಕೊಳವೆ ಖಾಲಿ. ಗಾಳಿಯೂ ಇಲ್ಲ. ಚಕ್ರ ನಿಧಾನವಾಗಿ ಒಂದು ಸುತ್ತು ತಿರುಗಿ ನಿಂತಿತು.

ಸಾಹೇಬರು ನನ್ನ ತೋಳು ಗಟ್ಟಿಯಾಗಿ ಹಿಡಿದು, ಕಿವಿಯಲ್ಲಿ ಕೇಳಿದರು: "ಹೊಸ ಮದುಮಗಳ ಜೊತೆ ತವರಿನವರು ಯಾರಾದರೂ ಹೋಗುವ ಪದ್ಧತಿ ನಿಮ್ಮಲ್ಲಿ ಇಲ್ಲವೇನ್ರಿ?"